ಹೆಸರು ಮೊದಲು, ಸಂಖ್ಯೆ ಆಮೇಲೆ

ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋದ ಇತಿಹಾಸದಲ್ಲಿ 1.0 ಎಂಬ ಆವೃತ್ತಿ ಇಲ್ಲ. 0.93 ಆದಮೇಲೆ ಸೀದಾ 1.1. ನಡುವಿನ ಸಂಖ್ಯೆ ಕಳೆದುಹೋದದ್ದು 1995ರ ಕೊನೆಯಲ್ಲಿ. ಆಗಿನ್ನೂ ಮನೆಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಲಿನಕ್ಸ್ ಬೇಕಾದವರಲ್ಲಿ ಬಹಳ ಮಂದಿ ಸಿಡಿ ಕೊಂಡುಕೊಳ್ಳುತ್ತಿದ್ದರು. ಅಂಥ ಸಿಡಿಗಳನ್ನು ಮಾರುತ್ತಿದ್ದ ಇನ್ಫೋಮ್ಯಾಜಿಕ್ ಕಂಪನಿ ಡೆಬಿಯನ್ ಸರ್ವರಿನಲ್ಲಿದ್ದ ಕಡತಗಳನ್ನು ಇಳಿಸಿಕೊಂಡು, ‘ಡೆಬಿಯನ್ 1.0’ ಎಂದು ಹೆಸರಿಟ್ಟು, ತನ್ನ ಐದು ಸಿಡಿಗಳ ಕಟ್ಟಿನಲ್ಲಿ ಸೇರಿಸಿಬಿಟ್ಟಿತು. ಆದರೆ ಆ ಕಡತಗಳ ಕೆಲಸ ಮುಗಿದೇ ಇರಲಿಲ್ಲ. ಪ್ರೋಗ್ರಾಮುಗಳನ್ನು ಹಳೆಯ ರೂಪದಿಂದ ಇಎಲ್‌ಎಫ್ ಎಂಬ ಹೊಸ ರೂಪಕ್ಕೆ ತರುವ ಕೆಲಸ ಅರ್ಧದಲ್ಲಿತ್ತು. ಹಾಕಿಕೊಂಡವರ ಕಂಪ್ಯೂಟರ್ ಸರಿಯಾಗಿ ಶುರುವಾಗುತ್ತದೆ ಎಂಬ ಖಾತ್ರಿಯೂ ಇರಲಿಲ್ಲ. ಡಿಸೆಂಬರ್ 11ರಂದು ಡೆಬಿಯನ್ ತಂಡವೂ ಕಂಪನಿಯೂ ಒಟ್ಟಿಗೇ ತಪ್ಪಾಗಿದೆಯೆಂದು ಪ್ರಕಟಿಸಿದವು. ಇನ್ನು ನಿಜವಾದ 1.0 ಬಿಟ್ಟರೂ ಯಾವುದು ಅಸಲಿ, ಯಾವುದು ಅರೆಬೆಂದದ್ದು ಎಂದು ಜನಕ್ಕೆ ತಿಳಿಯುವುದು ಹೇಗೆ? 1996ರ ಜೂನ್‌ನಲ್ಲಿ ಹೊರಬಂದ ಆವೃತ್ತಿಗೆ 1.1 ಎಂಬ ಸಂಖ್ಯೆ ಕೊಟ್ಟರು. ಜೊತೆಗೆ ಅದಕ್ಕೊಂದು ಹೆಸರೂ ಇತ್ತು: ಬಝ್.

ಈ ಘಟನೆಯೊಳಗೆ ಒಂದು ದೊಡ್ಡ ಪ್ರಶ್ನೆ ಇದೆ. ಸಾವಿರಾರು ಜನ ಬೇರೆಬೇರೆ ದೇಶಗಳಲ್ಲಿ ಕುಳಿತು, ಯಾರ ಅಪ್ಪಣೆಯೂ ಇಲ್ಲದೆ ಕಟ್ಟುವ ವಸ್ತುವೊಂದು ‘ಮುಗಿಯಿತು’ ಎಂದು ಹೇಳುವವರು ಯಾರು? ಯಾವಾಗ? ಅಲ್ಲಿಯವರೆಗೆ ಅದನ್ನು ಏನೆಂದು ಕರೆಯಬೇಕು? ಲಿನಕ್ಸ್ ಲೋಕದಲ್ಲಿ ಆಟಿಕೆಗಳ ಹೆಸರು, ಪ್ರಾಣಿಗಳ ಹೆಸರು, ಏಪ್ರಿಲ್–ಅಕ್ಟೋಬರ್ ಲೆಕ್ಕಗಳು ತಮಾಷೆಗೆ ಹುಟ್ಟಿದವು ಎಂದು ಹಲವರು ಭಾವಿಸುತ್ತಾರೆ. ತಮಾಷೆಯ ಪಾಲು ಇದೆ, ನಿಜ. ಆದರೆ ಪರಸ್ಪರ ಮುಖ ನೋಡದ ಜನರು ಒಟ್ಟಿಗೆ ಕೆಲಸ ಮಾಡಲು ಮಾಡಿಕೊಂಡ ಒಪ್ಪಂದಗಳು ಅವು. ಅವು ಸಡಿಲವಾದಲ್ಲೆಲ್ಲ ತೊಂದರೆಯಾಗಿದೆ.

ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ಕರ್ನಲ್ ಮಾತ್ರ, ಅಂದರೆ ಯಂತ್ರಾಂಶದ ಜೊತೆ ನೇರ ವ್ಯವಹರಿಸುವ ಒಳಗಿನ ತಿರುಳು. ಅದರ ಮೇಲೆ ಕಿಟಕಿಗಳನ್ನು ತೋರಿಸುವ ತಂತ್ರಾಂಶ, ಬ್ರೌಸರ್, ಫಾಂಟು, ಪ್ರಿಂಟರ್ ಚಾಲಕ ಹೀಗೆ ನೂರೆಂಟು ಸೇರಿದಾಗಲೇ ಬಳಸಬಲ್ಲ ಕಂಪ್ಯೂಟರ್ ಆಗುವುದು. ಒಂದೊಂದನ್ನೂ ಬರೆಯುವವರು ಬೇರೆ, ಅವರ ವೇಳೆ ಬೇರೆ. ಇವನ್ನೆಲ್ಲ ಆರಿಸಿ, ಒಂದಕ್ಕೊಂದು ಹೊಂದಿಸಿ, ಪರೀಕ್ಷಿಸಿ ಒಟ್ಟಾಗಿ ಕೊಡುವ ಸಂಗ್ರಹವೇ ಡಿಸ್ಟ್ರಿಬ್ಯೂಷನ್, ಬಳಕೆಯ ಮಾತಿನಲ್ಲಿ ಡಿಸ್ಟ್ರೋ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ ಇರುವ ಪ್ಯಾಕೇಜುಗಳ ಸಂಖ್ಯೆ ಸುಮಾರು 70 ಸಾವಿರ. ಅವುಗಳಲ್ಲಿ ಯಾವುದೋ ಒಂದರ ಹೊಸ ರೂಪ ಪ್ರತಿದಿನವೂ ಎಲ್ಲಿಂದಲೋ ಬರುತ್ತಲೇ ಇರುತ್ತದೆ. ಹರಿಯುತ್ತಿರುವ ಇಂಥದರಲ್ಲಿ ‘ಇಲ್ಲಿಗೆ ಒಂದು ಗೆರೆ’ ಎಂದು ಎಳೆಯುವುದೇ ಬಿಡುಗಡೆ.

ಇನ್ಫೋಮ್ಯಾಜಿಕ್ ಪ್ರಸಂಗದಿಂದ ಡೆಬಿಯನ್ ಕಲಿತ ಪಾಠ ಸರಳವಾದದ್ದು: ಕೆಲಸ ಮುಗಿಯುವ ಮೊದಲು ಸಂಖ್ಯೆ ಕೊಡಬೇಡಿ. ಸರ್ವರಿನ ಫೋಲ್ಡರಿಗೆ ‘1.0’ ಎಂದು ಬರೆದಿಟ್ಟರೆ ನೋಡಿದವರು ಅದು ತಯಾರಾಗಿದೆ ಎಂದೇ ತಿಳಿಯುತ್ತಾರೆ. ಹಾಗಾದರೆ ‘ಅಸ್ಥಿರ’ ಎಂದು ಬರೆದಿಟ್ಟು, ಮುಗಿದ ದಿನ ‘ಸ್ಥಿರ’ ಎಂದು ಫೋಲ್ಡರಿನ ಹೆಸರು ಬದಲಾಯಿಸಿದರೆ? ಅದರಲ್ಲಿ ಇನ್ನೊಂದು ಕಷ್ಟ. ಡೆಬಿಯನ್ನಿನ ಕಡತಗಳ ಪ್ರತಿಗಳನ್ನು ಜಗತ್ತಿನ ಹಲವೆಡೆ, ಮುಖ್ಯವಾಗಿ ವಿಶ್ವವಿದ್ಯಾಲಯಗಳಲ್ಲಿ, ಮಿರರ್ ಸರ್ವರುಗಳು ಇಟ್ಟುಕೊಳ್ಳುತ್ತವೆ. ಫೋಲ್ಡರಿನ ಹೆಸರು ಬದಲಾದರೆ ಆ ಸರ್ವರುಗಳಿಗೆ ಅದು ಹೊಸ ಫೋಲ್ಡರ್. ಎಲ್ಲವನ್ನೂ ಮೊದಲಿಂದ ಮತ್ತೆ ಇಳಿಸಿಕೊಳ್ಳಬೇಕು. 1990ರ ದಶಕದ ಸಂಪರ್ಕದ ವೇಗದಲ್ಲಿ ಅದು ಸಣ್ಣ ಹೊರೆಯಲ್ಲ. ಆದ್ದರಿಂದ ಫೋಲ್ಡರಿಗೆ ಹುಟ್ಟಿನಿಂದ ಕೊನೆಯವರೆಗೆ ಬದಲಾಗದ, ಮುಗಿದಿದೆಯೇ ಇಲ್ಲವೇ ಎಂಬುದರ ಬಗ್ಗೆ ಏನನ್ನೂ ಹೇಳದ ಒಂದು ಹೆಸರು ಬೇಕಾಯಿತು. ‘ಸ್ಥಿರ’ ಎಂಬುದು ಆ ಹೆಸರಿನತ್ತ ಬೆರಳು ತೋರಿಸುವ ಕೊಂಡಿ ಮಾತ್ರ. ಬಿಡುಗಡೆಯ ದಿನ ಫೋಲ್ಡರ್ ಅಲುಗುವುದಿಲ್ಲ, ಕೊಂಡಿ ಮಾತ್ರ ತಿರುಗುತ್ತದೆ.

ಹೆಸರುಗಳು ಬಂದದ್ದು ‘ಟಾಯ್ ಸ್ಟೋರಿ’ ಚಿತ್ರದಿಂದ. 1995ರ ನವೆಂಬರಿನಲ್ಲಿ ತೆರೆಕಂಡ ಆ ಚಿತ್ರವನ್ನು ಮಾಡಿದ್ದು ಪಿಕ್ಸಾರ್. ಡೆಬಿಯನ್ನಿನ ಸ್ಥಾಪಕ ಇಯಾನ್ ಮರ್ಡಾಕ್ ಅವರ ನಂತರ ಮುಂದಾಳಾದ ಬ್ರೂಸ್ ಪೆರೆನ್ಸ್ ಆಗ ಅದೇ ಪಿಕ್ಸಾರ್‌ನಲ್ಲಿ ಕೆಲಸಕ್ಕಿದ್ದರು. ಬಝ್ ಆದಮೇಲೆ ರೆಕ್ಸ್ ಎಂಬ ಡೈನೋಸಾರ್, ಬೋ ಎಂಬ ಕುರಿಗಾಹಿ ಗೊಂಬೆ, ಹ್ಯಾಮ್ ಎಂಬ ಹಂದಿಯಾಕಾರದ ಹುಂಡಿ, ಹೀಗೆ ಒಂದೊಂದೇ ಆಟಿಕೆ ಬಿಡುಗಡೆಯ ಹೆಸರಾಗುತ್ತ ಬಂತು. ಡೆಬಿಯನ್ 12 ಬುಕ್‌ವರ್ಮ್, 13 ಟ್ರಿಕ್ಸಿ, ಮುಂದಿನದು ಫೋರ್ಕಿ. ಇವುಗಳಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವ ಹೆಸರು ಎಂದಿಗೂ ಬಿಡುಗಡೆಯಾಗದ್ದು: ಸಿಡ್. ಚಿತ್ರದಲ್ಲಿ ಸಿಡ್ ಪಕ್ಕದ ಮನೆಯ ಹುಡುಗ, ಆಟಿಕೆಗಳನ್ನು ಮುರಿದುಹಾಕುವವನು. ಡೆಬಿಯನ್ನಿನಲ್ಲಿ ಹೊಸ ಪ್ಯಾಕೇಜುಗಳೆಲ್ಲ ಮೊದಲು ಬಂದು ಬೀಳುವ, ಯಾವಾಗ ಏನು ಮುರಿಯುತ್ತದೋ ಹೇಳಲಾಗದ ‘ಅಸ್ಥಿರ’ ಅಂಗಳಕ್ಕೆ ಶಾಶ್ವತವಾಗಿ ಅವನದೇ ಹೆಸರು.

ಈ ಶಿಸ್ತು ಇಂದಿಗೂ ಹೇಗೆ ನಡೆದುಬಂದಿದೆ ಎಂಬುದಕ್ಕೆ ಒಂದು ಪುಟ್ಟ ಸಾಕ್ಷಿ ಇದೆ. ಈಗಿನ ಬಹುತೇಕ ಎಲ್ಲ ಲಿನಕ್ಸ್ ಕಂಪ್ಯೂಟರುಗಳಲ್ಲಿ ‘ಓಎಸ್-ರಿಲೀಸ್’ ಎಂಬ ಸಣ್ಣ ಕಡತ ಇರುತ್ತದೆ. ತಾನು ಯಾವ ಡಿಸ್ಟ್ರೋ, ಯಾವ ಆವೃತ್ತಿ ಎಂದು ಯಂತ್ರ ಅದರಲ್ಲಿ ಬರೆದುಕೊಂಡಿರುತ್ತದೆ. ಬಿಡುಗಡೆಯಾದ ಡೆಬಿಯನ್ನಿನಲ್ಲಿ ಅಲ್ಲಿ ಹೆಸರೂ ಸಂಖ್ಯೆಯೂ ಇರುತ್ತವೆ. ಇನ್ನೂ ತಯಾರಾಗುತ್ತಿರುವ ಡೆಬಿಯನ್ನಿನಲ್ಲಿ ಹೆಸರಿನ ಸಾಲು ಇರುತ್ತದೆ, ಸಂಖ್ಯೆಯ ಸಾಲು ಇರುವುದೇ ಇಲ್ಲ. ಕೆಲಸ ಮುಗಿಯುವವರೆಗೆ ಅದನ್ನು ಬರೆಯುವುದಿಲ್ಲ. 1995ರ ಆ ಸಿಡಿಯ ನೆನಪು ಮೂವತ್ತು ವರ್ಷಗಳ ಮೇಲೂ ಹೀಗೆ ಉಳಿದುಕೊಂಡಿದೆ. ಬಳಕೆದಾರರಿಗೂ ಇದರಲ್ಲೊಂದು ಉಪಯೋಗದ ಮಾತಿದೆ. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಪಟ್ಟಿಯಲ್ಲಿ ‘ಟ್ರಿಕ್ಸಿ’ ಎಂದು ಬರೆದಿದ್ದರೆ ನಿಮ್ಮ ಯಂತ್ರ ಟ್ರಿಕ್ಸಿಯಲ್ಲೇ ಇರುತ್ತದೆ. ‘ಸ್ಟೇಬಲ್’, ಅಂದರೆ ‘ಸ್ಥಿರ’, ಎಂದು ಬರೆದಿದ್ದರೆ, ಮುಂದಿನ ಬಿಡುಗಡೆಯ ದಿನ ಕೊಂಡಿ ತಿರುಗಿದ ಕೂಡಲೇ ಫೋರ್ಕಿಯ ಪ್ಯಾಕೇಜುಗಳು ಬರತೊಡಗುತ್ತವೆ. ಕಚೇರಿಯ ಸರ್ವರ್ ನೋಡಿಕೊಳ್ಳುವವರು ದಯವಿಟ್ಟು ಹೆಸರನ್ನೇ ಬರೆಯಬೇಕು.

ಹೆಸರಿನ ಸಮಸ್ಯೆ ಹೀಗೆ ಬಗೆಹರಿಯಿತು. ದಿನಾಂಕದ ಸಮಸ್ಯೆ ಅಷ್ಟು ಸುಲಭದ್ದಾಗಿರಲಿಲ್ಲ. ಡೆಬಿಯನ್ನಿನ ನಿಲುವು ಒಂದೇ ಮಾತಿನದು: ಸಿದ್ಧವಾದಾಗ ಬಿಡುಗಡೆ. ಪ್ಯಾಕೇಜು ಮೊದಲು ಸಿಡ್‌ಗೆ ಬರುತ್ತದೆ. ಕೆಲವು ದಿನಗಳವರೆಗೆ ಗಂಭೀರ ದೋಷ ಕಾಣದಿದ್ದರೆ ‘ಟೆಸ್ಟಿಂಗ್’ಗೆ ದಾಟುತ್ತದೆ, 2000ನೇ ಇಸವಿಯಲ್ಲಿ ಸೇರಿಸಿದ ಮೆಟ್ಟಿಲು ಇದು. ಬಿಡುಗಡೆ ಹತ್ತಿರವಾದಾಗ ಟೆಸ್ಟಿಂಗ್ ಅನ್ನು ಹಂತಹಂತವಾಗಿ ಫ್ರೀಝ್ ಮಾಡುತ್ತಾರೆ. ಹೊಸದು ಬರುವುದು ನಿಲ್ಲುತ್ತದೆ, ದೋಷ ತಿದ್ದುವುದಕ್ಕೆ ಮಾತ್ರ ಅವಕಾಶ. ‘ಇದಿದ್ದರೆ ಬಿಡುಗಡೆ ಸಾಧ್ಯವಿಲ್ಲ’ ಎಂದು ಗುರುತು ಹಾಕಿದ ಬಗ್‌ಗಳ ಎಣಿಕೆ ಇಳಿಯುತ್ತ ಹೋಗಬೇಕು. ತತ್ತ್ವವಾಗಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇಲ್ಲ. ಆದರೆ 2002ರ ಜುಲೈಯಲ್ಲಿ ವುಡಿ ಬಂದಮೇಲೆ ಮುಂದಿನ ಸಾರ್ಜ್ ಬರಲು 2005ರ ಜೂನ್ ಆಯಿತು. ಸುಮಾರು ಮೂರು ವರ್ಷ! ಅಷ್ಟರಲ್ಲಿ ಹೊಸ ಯಂತ್ರಾಂಶ ಮಾರುಕಟ್ಟೆಗೆ ಬಂದಿತ್ತು. ವುಡಿಯ ಹಳೆಯ ಕರ್ನಲ್ಲಿಗೆ ಅದರ ಗುರುತೇ ಸಿಗುತ್ತಿರಲಿಲ್ಲ. ಯಾವಾಗ ಬಿಡುಗಡೆ ಎಂದು ತಿಳಿಯದಿದ್ದಾಗ ಇನ್ನೊಂದು ಕೇಡೂ ಆಗುತ್ತದೆ. ‘ಈ ಸಲ ತಪ್ಪಿದರೆ ಮತ್ತೆ ಮೂರು ವರ್ಷ’ ಎಂಬ ಭಯದಿಂದ ಪ್ರತಿಯೊಬ್ಬರೂ ತಮ್ಮದನ್ನು ಕೊನೆಯ ಗಳಿಗೆಯಲ್ಲಿ ತುರುಕಲು ನೋಡುತ್ತಾರೆ. ಹಾಗೆ ತುರುಕಿದ್ದರಿಂದ ಹೊಸ ದೋಷ, ಆ ದೋಷದಿಂದ ಇನ್ನಷ್ಟು ತಡ.

ಉಬುಂಟು ಹುಟ್ಟಿದ್ದು ಈ ಕಾಯುವಿಕೆಯ ನಡುವೆ. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 1990ರ ದಶಕದಲ್ಲಿ ಸ್ವತಃ ಡೆಬಿಯನ್ ಕಾರ್ಯಕರ್ತರಾಗಿದ್ದವರು, ಅಪಾಚೆ ವೆಬ್ ಸರ್ವರಿನ ಪ್ಯಾಕೇಜು ನೋಡಿಕೊಂಡಿದ್ದವರು. ತಮ್ಮ ಕಂಪನಿಯನ್ನು ಮಾರಿ, 2002ರಲ್ಲಿ ಸೋಯುಝ್ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂದ ಮೇಲೆ, 2004ರಲ್ಲಿ ಡೆಬಿಯನ್ನಿನ ಕೆಲಸಗಾರರಲ್ಲೇ ಕೆಲವರನ್ನು ಕರೆದುಕೊಂಡು ಹೊಸ ಡಿಸ್ಟ್ರೋ ಆರಂಭಿಸಿದರು. ಸಿಡ್ನಿಯಲ್ಲಿ ಫೆರಿ ದೋಣಿಯ ಮೇಲೆ ರಾಬರ್ಟ್ ಕಾಲಿನ್ಸ್ ಎಂಬ ಸಹೋದ್ಯೋಗಿಯ ಜೊತೆ ಮಾತಾಡುತ್ತಿದ್ದಾಗ ಮೊದಲ ಬಿಡುಗಡೆಗೆ ಎಷ್ಟು ಸಮಯ ಎಂಬ ಪ್ರಶ್ನೆ ಬಂತಂತೆ. ಹೆಚ್ಚೆಂದರೆ ಆರು ತಿಂಗಳು ಎಂದರು ಶಟಲ್‌ವರ್ತ್. ಅಷ್ಟರಲ್ಲಿ ನಯಗೊಳಿಸಲು ವೇಳೆ ಸಿಗದು, ನರಹುಲಿಗಳು ಉಳಿದೇ ಉಳಿಯುತ್ತವೆ ಎಂಬ ಮಾತಿನಿಂದ ಆಫ್ರಿಕಾದ ಕಾಡುಹಂದಿಯ ಹೆಸರು ಹೊಳೆಯಿತು. ‘ವಾರ್ಟಿ ವಾರ್ಟ್‌ಹಾಗ್’, ನರಹುಲಿಯ ಕಾಡುಹಂದಿ, 2004ರ ಅಕ್ಟೋಬರ್ 20ರಂದು ಹೊರಬಂತು. ಸಂಖ್ಯೆ 4.10: ವರ್ಷ 4, ತಿಂಗಳು 10.

ಈ ಸಂಖ್ಯೆಯ ಕ್ರಮದಲ್ಲಿ ಒಂದು ದಿಟ್ಟತನ ಇದೆ. 1.0, 2.0 ಎಂಬ ಸಂಖ್ಯೆಗಳು ತಂತ್ರಾಂಶದ ಗುಣದ ಬಗ್ಗೆ ಏನೋ ಹೇಳಿಕೊಳ್ಳುತ್ತವೆ, ‘ದೊಡ್ಡ ಹೆಜ್ಜೆ ಇಟ್ಟಿದ್ದೇವೆ’ ಎಂಬಂತೆ. 4.10 ಹೇಳುವುದು ಹೊರಬಂದ ತಿಂಗಳನ್ನು ಮಾತ್ರ. ಹತ್ತು ವರ್ಷದ ಹಿಂದಿನ ಆವೃತ್ತಿ ಯಾರದಾದರೂ ಯಂತ್ರದಲ್ಲಿ ಕಂಡರೆ ಅದು ಎಷ್ಟು ಹಳತು ಎಂದು ಯಾರನ್ನೂ ಕೇಳಬೇಕಿಲ್ಲ. ಏಪ್ರಿಲ್, ಅಕ್ಟೋಬರ್ ಎಂಬ ಆಯ್ಕೆಗೂ ಕಾರಣ ಇದೆ. ಉಬುಂಟುವಿನ ಪರದೆಯ ಮೇಲೆ ಕಾಣುವ ಗ್ನೋಮ್ ತಂತ್ರಾಂಶ 2002ರಿಂದಲೇ ಆರು ತಿಂಗಳ ಲೆಕ್ಕ ಹಿಡಿದಿತ್ತು, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿ ಕೊಡುತ್ತಿತ್ತು. ಅದು ಬಂದ ಒಂದು ತಿಂಗಳಿಗೆ ಉಬುಂಟು.

ಇದನ್ನು ಕಾಲಬದ್ಧ ಬಿಡುಗಡೆ ಎನ್ನುತ್ತಾರೆ. ಕೆಲಸ ಮಾಡುವವರ ನಡುವೆ ‘ರೈಲು’ ಎಂದೇ ಹೆಸರು. ರೈಲು ಹೇಳಿದ ವೇಳೆಗೆ ಹೊರಡುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ. ತಪ್ಪಿಸಿಕೊಂಡವರಿಗೆ ಆರು ತಿಂಗಳಿಗೆ ಇನ್ನೊಂದು ಇದೆ. ಆದ್ದರಿಂದ ಓಡಿ ಹತ್ತುವ ಅಗತ್ಯವೂ ಇಲ್ಲ. ಡೆಬಿಯನ್ ತಂಡದ ಮುಂದಾಳಾಗಿದ್ದ ಮಾರ್ಟಿನ್ ಮಿಶ್ಲ್‌ಮೈರ್ ಈ ವಿಷಯವನ್ನೇ ಹಿಡಿದು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ 2007ರಲ್ಲಿ ಪ್ರಬಂಧ ಬರೆದರು. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರಿಗೆ ಆಜ್ಞೆ ಕೊಡಲಾಗದು, ಆದರೆ ಎಲ್ಲರೂ ನೋಡಬಹುದಾದ ವೇಳಾಪಟ್ಟಿಯೊಂದನ್ನು ಗೋಡೆಗೆ ಹಾಕಬಹುದು. ಒಬ್ಬರನ್ನೊಬ್ಬರು ಕೇಳದೆಯೇ ಅವರವರ ಕೆಲಸವನ್ನು ಅವರವರು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಕನ್ನಡಕ್ಕೂ ಈ ವೇಳಾಪಟ್ಟಿಗೂ ನೇರ ನಂಟಿದೆ. ಗ್ನೋಮ್‌ನ ಮೆನು, ಗುಂಡಿ, ಎಚ್ಚರಿಕೆಯ ಮಾತುಗಳನ್ನು ಕನ್ನಡಕ್ಕೆ ತರುವ ಅನುವಾದಕರ ತಂಡವಿದೆ. ಇಂಗ್ಲಿಷ್ ಪಠ್ಯ ದಿನವೂ ಬದಲಾಗುತ್ತಿದ್ದರೆ ಅನುವಾದಕರು ಮಾಡಿದ್ದೆಲ್ಲ ವ್ಯರ್ಥ. ಅದಕ್ಕಾಗಿ ಬಿಡುಗಡೆಗೆ ಕೆಲವು ವಾರ ಮುಂಚೆ ‘ಸ್ಟ್ರಿಂಗ್ ಫ್ರೀಝ್’ ಬರುತ್ತದೆ. ಅಂದಿನಿಂದ ಪರದೆಯ ಮೇಲಿನ ಒಂದು ಪದವನ್ನೂ ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಆ ವಾರಗಳು ಜಗತ್ತಿನ ಎಲ್ಲ ಭಾಷೆಗಳ ಅನುವಾದಕರಿಗೆ ಮೀಸಲು. ದೊಡ್ಡ ಕಂಪನಿಯ ಬೆಂಬಲವಿಲ್ಲದ ಭಾಷೆಗಳಿಗೆ ಇದರಷ್ಟು ಉಪಕಾರ ಮಾಡುವ ನಿಯಮ ತಂತ್ರಾಂಶ ಲೋಕದಲ್ಲಿ ಬೇರೆ ಇಲ್ಲ ಎಂದೇ ನನ್ನ ಭಾವನೆ. ದಿನಾಂಕ ಮೊದಲೇ ಗೊತ್ತಿದ್ದರೆ ಕಾಲೇಜು ಹುಡುಗಿಯೊಬ್ಬಳು ಪರೀಕ್ಷೆ ಮುಗಿಸಿ ಎರಡು ವಾರ ಇದಕ್ಕೆ ಎತ್ತಿಡಬಹುದು. ಗೊತ್ತಿಲ್ಲದಿದ್ದರೆ ಆಕೆಯ ಕೆಲಸ ಒಂದೋ ಬೇಗ ಆಗಿ ಹಳತಾಗುತ್ತದೆ, ಇಲ್ಲವೇ ತಡವಾಗಿ ಹೊರಗುಳಿಯುತ್ತದೆ.

ಹಾಗೆಂದು ಉಬುಂಟುವಿನ ರೈಲು ಎಂದೂ ತಡವಾಗಿಲ್ಲವೇ? ಒಮ್ಮೆ ಆಗಿದೆ, ಬೇಕೆಂದೇ. 2006ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಆವೃತ್ತಿ ಮೊದಲ ದೀರ್ಘಾವಧಿ ಬೆಂಬಲದ ಆವೃತ್ತಿಯಾಗಲಿತ್ತು, ಬಳಕೆಯ ಮಾತಿನಲ್ಲಿ ಎಲ್‌ಟಿಎಸ್: ಡೆಸ್ಕ್‌ಟಾಪಿಗೆ ಮೂರು ವರ್ಷ, ಸರ್ವರಿಗೆ ಐದು ವರ್ಷ ದೋಷ ತಿದ್ದುಪಡಿಯ ಭರವಸೆ. ಇಷ್ಟು ದಿನ ಬಾಳಬೇಕಾದ್ದನ್ನು ಇನ್ನಷ್ಟು ಪರೀಕ್ಷಿಸಬೇಕೆಂದು ಶಟಲ್‌ವರ್ತ್ ಆರು ವಾರ ಮುಂದೂಡಲು ಕೇಳಿಕೊಂಡರು. 6.04 ಆಗಬೇಕಿದ್ದದ್ದು ಜೂನ್ 1ರಂದು 6.06 ಆಗಿ ಬಂತು. ಇಲ್ಲಿಯೂ ಕೈಹಿಡಿದದ್ದು ಹೆಸರೇ. ತಿಂಗಳುಗಟ್ಟಲೆ ಎಲ್ಲ ಕಡತಗಳಲ್ಲಿ, ಸರ್ವರಿನ ಫೋಲ್ಡರಿನಲ್ಲಿ ಅದು ‘ಡ್ಯಾಪರ್’ ಎಂದೇ ಇತ್ತು. ಸಂಖ್ಯೆ ಬದಲಾದರೂ ಅವನ್ನು ಯಾರೂ ತಿದ್ದಬೇಕಾಗಲಿಲ್ಲ. ಡೆಬಿಯನ್ನಿಗೆ ಸಿಡಿಯಿಂದ ಬಂದ ಬುದ್ಧಿ ಉಬುಂಟುವಿಗೆ ವಂಶದಿಂದಲೇ ಬಂದಿತ್ತು.

‘ಡ್ಯಾಪರ್ ಡ್ರೇಕ್’ನಿಂದ ಹೆಸರುಗಳು ಅಕಾರಾದಿ ಹಿಡಿದವು. ಅದರ ಮುಂಚಿನ ಮೂರು, ವಾರ್ಟಿ, ಹೋರಿ, ಬ್ರೀಝಿ, ಮನಸ್ಸಿಗೆ ಬಂದಂತೆ ಇಟ್ಟವು. ಡ್ಯಾಪರ್ ಆದಮೇಲೆ ಎಜಿ, ಫೀಸ್ಟಿ, ಗಟ್ಸಿ ಎಂದು ಇಂಗ್ಲಿಷ್ ವರ್ಣಮಾಲೆಯ ಒಂದೊಂದೇ ಅಕ್ಷರ. ಒಂದು ವಿಶೇಷಣ, ಒಂದು ಪ್ರಾಣಿ, ಎರಡಕ್ಕೂ ಒಂದೇ ಮೊದಲಕ್ಷರ. ವರ್ಣಮಾಲೆಯ ಕೊನೆಯ ‘ಝೆಸ್ಟಿ ಝೇಪಸ್’ 2017ರ ಏಪ್ರಿಲ್‌ನಲ್ಲಿ ಬಂತು. ಅಕ್ಟೋಬರಿಗೆ ‘ಆರ್ಟ್‌ಫುಲ್ ಆರ್ಡ್‌ವಾರ್ಕ್’ ಎಂದು ಮತ್ತೆ ಮೊದಲಿಂದ. ನಡುವೆ ಒಮ್ಮೆ ದಿನಾಂಕವೇ ಹಬ್ಬವಾಯಿತು. 10.10 ಬಂದದ್ದು 2010ರ ಅಕ್ಟೋಬರ್ 10ರಂದು. 101010 ಎಂಬುದನ್ನು ದ್ವಿಮಾನ ಸಂಖ್ಯೆಯಾಗಿ ಓದಿದರೆ 42 ಆಗುತ್ತದೆ. ಡಗ್ಲಸ್ ಆಡಮ್ಸ್ ಅವರ ಕಾದಂಬರಿಯಿಂದಾಗಿ ಕಂಪ್ಯೂಟರ್ ಮಂದಿಗೆ ಆ ಸಂಖ್ಯೆಯ ಮೇಲೆ ವಿಶೇಷ ಪ್ರೀತಿ. ಗುರುವಾರ ಬಿಡುಗಡೆ ಮಾಡುವ ವಾಡಿಕೆಯನ್ನು ಬಿಟ್ಟು ಅಂದು ಭಾನುವಾರ ಬಿಟ್ಟರು.

ಅದೇ 42 ಓಪನ್‌ಸೂಸೆಗೂ ಅಂಟಿಕೊಂಡಿತು. ಅಲ್ಲಿ 13.2 ಆದಮೇಲೆ 2015ರಲ್ಲಿ ಬಂದದ್ದು ಲೀಪ್ 42.1, ಅದೂ ಮೂರು ಆವೃತ್ತಿ ನಡೆದ ಮೇಲೆ 2018ರಲ್ಲಿ ಲೀಪ್ 15! ಕೆಳಗಿಳಿದ ಸಂಖ್ಯೆ ನೋಡಿ ಹೊಸಬರು ಗಲಿಬಿಲಿಗೊಂಡದ್ದು ಸಹಜ. ಇದಕ್ಕಿಂತ ಮುಂಚೆ ಸ್ಲ್ಯಾಕ್‌ವೇರ್ 1999ರಲ್ಲಿ 4ರಿಂದ 7ಕ್ಕೆ ಹಾರಿತ್ತು. ಉಳಿದವರು 6 ದಾಟಿದ್ದಾರೆ, ನಿಮ್ಮದೇಕೆ ಹಿಂದೆ ಬಿದ್ದಿದೆ ಎಂಬ ಪ್ರಶ್ನೆಗಳಿಗೆ ಅದನ್ನು ಕಟ್ಟಿದ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಕೊಟ್ಟ ಉತ್ತರ ಅದು. ಲಿನಕ್ಸ್ ಮಿಂಟ್ ಆವೃತ್ತಿಗಳಿಗೆ ಹೆಣ್ಣುಮಕ್ಕಳ ಹೆಸರು. ನಮ್ಮ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ ಕಟ್ಟಿದ ಬಾಸ್ ಲಿನಕ್ಸ್‌ಗೆ ತೇಜಸ್, ಅನೋಖಾ, ಉನ್ನತಿ ಎಂಬಂಥ ಹೆಸರುಗಳು. ಆರ್ಚ್ ಲಿನಕ್ಸ್, ಓಪನ್‌ಸೂಸೆಯದೇ ಟಂಬಲ್‌ವೀಡ್ ಮುಂತಾದವು ಗೆರೆ ಎಳೆಯುವುದನ್ನೇ ಬಿಟ್ಟು ಸದಾ ಹರಿಯುತ್ತಿರುತ್ತವೆ.

ಫೆಡೋರಾ ಎಂಬ ಡಿಸ್ಟ್ರೋದ ಬಳಿ ಸ್ವಲ್ಪ ನಿಲ್ಲಬೇಕು. ಅಲ್ಲಿ ಪ್ರತಿ ಹೊಸ ಹೆಸರಿಗೂ ಹಿಂದಿನ ಹೆಸರಿಗೂ ಏನಾದರೊಂದು ನಂಟಿರಬೇಕು, ಆ ನಂಟು ಅದಕ್ಕೂ ಹಿಂದಿನ ಜೋಡಿಯದ್ದಾಗಿರಬಾರದು ಎಂಬ ನಿಯಮವಿತ್ತು. ಹಾಗೆ ಬರುತ್ತ ಬರುತ್ತ 18ನೆಯದು ‘ಸ್ಫೆರಿಕಲ್ ಕೌ’ ಆಯಿತು: ಲೆಕ್ಕ ಸುಲಭವಾಗಲೆಂದು ಭೌತವಿಜ್ಞಾನಿಗಳು ಗೋಳವೆಂದು ಭಾವಿಸಿಕೊಳ್ಳುವ ಹಸು. 19ನೆಯದು ‘ಶ್ರೋಡಿಂಗರನ ಬೆಕ್ಕು’. ಈ ಬೆಕ್ಕು ತುಂಟತನ ಮಾಡಿತು. ಜರ್ಮನ್ ಹೆಸರಿನಲ್ಲಿ ಎರಡು ಚುಕ್ಕೆಯ ಅಕ್ಷರ, ಕೊನೆಗೆ ಇಂಗ್ಲಿಷಿನ ಮೇಲರ್ಧವಿರಾಮ. ಆವೃತ್ತಿಯ ಹೆಸರನ್ನು ಕಡತದಿಂದ ಓದುವ ಕೆಲವು ಪ್ರೋಗ್ರಾಮುಗಳು ಅವೆರಡರ ಮುಂದೆ ಎಡವಿದವು. ಇಂಗ್ಲಿಷ್ ಅಕ್ಷರಗಳಷ್ಟನ್ನೇ ಊಹಿಸಿಕೊಂಡು ಬರೆದ ತಂತ್ರಾಂಶದ ಬಾಧೆಯನ್ನು ಕನ್ನಡಿಗರು ಬಲ್ಲರು. ಅಂಥ ಮೂಲೆಗಳು ಎಲ್ಲೆಲ್ಲಿ ಉಳಿದಿವೆ ಎಂದು ಒಂದು ಹೆಸರು ಹುಡುಕಿಕೊಟ್ಟಿತು. ನೋಡಲು ಹೋದರೆ ಮಾಯವಾಗುವ ದೋಷ ಎಂಬರ್ಥದ ‘ಹೈಸನ್‌ಬಗ್’ 20ನೆಯದಕ್ಕೆ. ಅಲ್ಲಿಗೆ ಫೆಡೋರಾ ಹೆಸರಿಡುವುದನ್ನೇ ನಿಲ್ಲಿಸಿತು.

ಫೆಡೋರಾ ದಿನಾಂಕವನ್ನು ನೋಡುವ ರೀತಿಯೂ ಬೇರೆ. ಅದಕ್ಕೂ ವರ್ಷಕ್ಕೆ ಎರಡು ಬಿಡುಗಡೆ. ಆದರೆ ಇಂತಿಂಥ ದೋಷ ಇದ್ದರೆ ಹೊರಡುವಂತಿಲ್ಲ ಎಂದು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಗುರುವಾರ ಸಭೆ ಸೇರಿ ಆ ಪಟ್ಟಿಯನ್ನು ಓದುತ್ತಾರೆ. ಪಟ್ಟಿ ಖಾಲಿಯಾಗಿದ್ದರೆ ಮುಂದಿನ ಮಂಗಳವಾರ ಬಿಡುಗಡೆ, ಇಲ್ಲವಾದರೆ ಇನ್ನೊಂದು ವಾರ. ಅನುಸ್ಥಾಪಿಸುವ ತಂತ್ರಾಂಶವನ್ನು ಹೊಸದಾಗಿ ಬರೆದ ಫೆಡೋರಾ 18 ಹೀಗೆ ವಾರ ವಾರ ಜಾರುತ್ತ 2012ರ ನವೆಂಬರಿನಿಂದ 2013ರ ಜನವರಿಗೆ ಬಂತು.

ಡೆಬಿಯನ್ನಿಗೂ ಕಾಲಬದ್ಧತೆ ಬೇಕೆಂದು ಅದರೊಳಗಿನವರೇ ಕೆಲವರು ಬಯಸಿದರು. ಎಲ್ಲ ದೊಡ್ಡ ಡಿಸ್ಟ್ರೋಗಳೂ ಒಂದೇ ವೇಳೆಗೆ ಹೊಂದಿಕೊಂಡರೆ ದೋಷ ತಿದ್ದುವ ಕೆಲಸವನ್ನು ಹಂಚಿಕೊಳ್ಳಬಹುದು ಎಂದು ಶಟಲ್‌ವರ್ತ್ 2008ರಲ್ಲಿ ಕರೆಕೊಟ್ಟಿದ್ದರು. 2009ರ ಜುಲೈಯಲ್ಲಿ, ಸ್ಪೇನಿನ ಕಾಸೆರೆಸ್‌ನಲ್ಲಿ ಡೆಬಿಯನ್ ಸಮ್ಮೇಳನ ನಡೆಯುವ ಹೊತ್ತಿಗೆ, ಇನ್ನು ಎರಡು ವರ್ಷಕ್ಕೊಮ್ಮೆ ಫ್ರೀಝ್, ಮೊದಲನೆಯದು ಇದೇ ಡಿಸೆಂಬರಿನಲ್ಲಿ ಎಂದು ಪ್ರಕಟಣೆ ಬಂತು. ತಮ್ಮನ್ನು ಕೇಳದೆ, ಐದೇ ತಿಂಗಳ ಅವಧಿ ಕೊಟ್ಟು ಹೇಳಿದ್ದಕ್ಕೆ ಕಾರ್ಯಕರ್ತರು ಕೆರಳಿದರು. ಆ ಡಿಸೆಂಬರ್ ಕೈಬಿಟ್ಟುಹೋಯಿತು, ಫ್ರೀಝ್ ಆದದ್ದು 2010ರ ಆಗಸ್ಟಿನಲ್ಲಿ, ಬಿಡುಗಡೆ 2011ರ ಫೆಬ್ರವರಿಯಲ್ಲಿ. ಆದರೆ ಅದರೊಳಗಿದ್ದ ವಿಚಾರ ಉಳಿಯಿತು. ಬಿಡುಗಡೆಯ ದಿನವನ್ನು ಮುಂಚಿತವಾಗಿ ಹೇಳುವುದಿಲ್ಲ, ಫ್ರೀಝ್‌ನ ದಿನವನ್ನು ಹೇಳುತ್ತೇವೆ. ಟ್ರಿಕ್ಸಿಗೆ 2025ರ ಮಾರ್ಚ್ 15ರಂದು ಮೊದಲ ಹಂತ, ಏಪ್ರಿಲ್ 15ಕ್ಕೆ ಎರಡನೆಯದು, ಮೇ 15ಕ್ಕೆ ಮೂರನೆಯದು. ಆಮೇಲೆ ದೋಷಗಳು ಇಳಿದಾಗ ಬಿಡುಗಡೆ. ಸಿದ್ಧವಾದಾಗಲೇ ಬಿಡುವುದು ಎಂಬ ಮಾತನ್ನು ಬಿಡದೆಯೇ 2013, 2015, 2017, 2019, 2021, 2023, 2025 ಎಂದು ಎರಡು ವರ್ಷಕ್ಕೊಂದರಂತೆ ಆವೃತ್ತಿಗಳು ಬಂದಿವೆ. ಅಪ್ಪಣೆಯಿಂದ ಆಗದ್ದು ಮುಂಚಿತ ಸೂಚನೆಯಿಂದ ಆಯಿತು.

ಈ ಎಲ್ಲ ವೇಳಾಪಟ್ಟಿಗಳಿಗೆ ಅತಿ ಕಠಿಣ ಪರೀಕ್ಷೆ ಬಂದದ್ದು 2024ರ ವಸಂತದಲ್ಲಿ. ಎಕ್ಸ್‌ಝೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳಲ್ಲೂ ಇರುವಂಥದ್ದು. ಅದನ್ನು ಬಹುಮಟ್ಟಿಗೆ ಒಬ್ಬರೇ ನಡೆಸಿಕೊಂಡು ಬಂದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ನೆರವಾಗುತ್ತ, ನಂಬಿಕೆ ಗಳಿಸಿ, ಸಹ-ಪಾಲಕನಾಗಿ, 2024ರ ಫೆಬ್ರವರಿಯ 5.6.0 ಆವೃತ್ತಿಯಲ್ಲಿ ಒಂದು ಗುಪ್ತ ಬಾಗಿಲು ಇಟ್ಟರು. ದೂರದಿಂದ ಸರ್ವರಿನೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ನ ಬೀಗಕ್ಕೇ ಕನ್ನ. ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯಿಂಡ್. ಡೆಬಿಯನ್ ಸಿಡ್ ಇದ್ದ ಯಂತ್ರದಲ್ಲಿ ಎಸ್‌ಎಸ್‌ಎಚ್ ಒಳಹೋಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದವರು ಅವರು.

ಗಮನಿಸಬೇಕಾದದ್ದು ದಿನಾಂಕಗಳನ್ನು. ಉಬುಂಟು 24.04 ಎಲ್‌ಟಿಎಸ್‌ನ ಬೀಟಾ ಏಪ್ರಿಲ್ 4ಕ್ಕೆ ನಿಗದಿಯಾಗಿತ್ತು, ಫೆಡೋರಾ 40 ಸಹ ಏಪ್ರಿಲ್‌ನಲ್ಲಿ ಬರಲಿತ್ತು. ತನ್ನ ಹೊಸ ಆವೃತ್ತಿಯನ್ನು ಅವುಗಳಲ್ಲಿ ಸೇರಿಸಿಕೊಳ್ಳಿ ಎಂದು ಜಿಯಾ ಟಾನ್ ಹೆಸರಿನ ವ್ಯಕ್ತಿ ಫೆಡೋರಾದವರ ಬೆನ್ನುಬಿದ್ದಿದ್ದರು, ಉಬುಂಟುವಿಗೂ ಮನವಿ ಕಳಿಸಿದ್ದರು. ಎಲ್ಲರಿಗೂ ಕಾಣುವಂತೆ ಇಟ್ಟ ವೇಳಾಪಟ್ಟಿಯನ್ನು ಕನ್ನ ಕೊರೆಯುವವರೂ ಓದುತ್ತಾರೆ. ಎಲ್‌ಟಿಎಸ್ ಒಳಗೆ ಒಮ್ಮೆ ನುಸುಳಿದರೆ ಅದು ವರ್ಷಗಟ್ಟಲೆ ಲಕ್ಷಾಂತರ ಸರ್ವರುಗಳಲ್ಲಿ ಕುಳಿತಿರುತ್ತಿತ್ತು. ಡೆಬಿಯನ್ನಿನ ಟೆಸ್ಟಿಂಗ್ ಎಂಬ ಮೆಟ್ಟಿಲು ಇದನ್ನು ತಡೆಯಲಿಲ್ಲ ಎಂಬುದನ್ನೂ ಒಪ್ಪಬೇಕು. ವಿಷ ಬೆರೆತ ಪ್ಯಾಕೇಜು ಸಿಡ್ ದಾಟಿ ಟೆಸ್ಟಿಂಗ್‌ಗೆ ಹೋಗಿತ್ತು. ಉಳಿದದ್ದು 2023ರ ಜೂನ್‌ನಲ್ಲೇ ಗೆರೆ ಎಳೆದು ಹೊರಬಂದಿದ್ದ ಬುಕ್‌ವರ್ಮ್. ಅದರಲ್ಲಿದ್ದದ್ದು ಹಳೆಯ 5.4.1. ‘ಡೆಬಿಯನ್ನಿನಲ್ಲಿ ಎಲ್ಲವೂ ಹಳತು’ ಎಂಬ ದೂರನ್ನು ನಾವೆಲ್ಲ ಕೇಳಿದ್ದೇವೆ. ಆ ಹಳತನವೇ ಅಂದು ಅಷ್ಟು ಸರ್ವರುಗಳನ್ನು ಕಾಯಿತು.

ಮುಂದಿನ ದಿನಗಳಲ್ಲಿ ಡೆಬಿಯನ್, ಉಬುಂಟು ಎರಡೂ ಪಂಗಡಗಳು ನಡೆದುಕೊಂಡ ರೀತಿ ನೋಡಿ. ಏಪ್ರಿಲ್ 6ಕ್ಕೆ ಬರಬೇಕಿದ್ದ ಡೆಬಿಯನ್ 12.6 ಎಂಬ ತಿದ್ದುಪಡಿ ಆವೃತ್ತಿಯನ್ನು ತನಿಖೆ ಮುಗಿಯುವವರೆಗೆ ತಡೆಹಿಡಿದರು. ಉಬುಂಟುವಿನಲ್ಲಿ ಆ ಪ್ಯಾಕೇಜು ಬಿಡುಗಡೆಯ ಅಂಗಳದೊಳಗೆ ಬಂದಿರಲಿಲ್ಲ, ಬಾಗಿಲಾಚೆಯ ತಂಗುದಾಣದಲ್ಲಿತ್ತು. ಆದರೂ, ಫೆಬ್ರವರಿ ಕೊನೆಯ ನಂತರ ಕಟ್ಟಿದ ಎಲ್ಲ ಪ್ಯಾಕೇಜುಗಳನ್ನು ಅಳಿಸಿ, ಹೊಸದಾಗಿ ಸಿದ್ಧಪಡಿಸಿದ ಯಂತ್ರಗಳಲ್ಲಿ ಮತ್ತೆ ಕಟ್ಟಿದರು. ಬೀಟಾ ಒಂದು ವಾರ ತಡವಾಗಿ ಏಪ್ರಿಲ್ 11ಕ್ಕೆ ಬಂತು. ಅಂತಿಮ ದಿನಾಂಕ ಏಪ್ರಿಲ್ 25 ಅಲುಗಲಿಲ್ಲ. ಆ ದಿನವೇ ‘ನೋಬಲ್ ನಂಬ್ಯಾಟ್’ ಹೊರಬಂತು.

ಆದರೆ 22.04 ಇಟ್ಟುಕೊಂಡವರ ಯಂತ್ರಗಳಿಗೆ ಅಂದು ಅಪ್‌ಗ್ರೇಡ್ ಸೂಚನೆ ಬರಲಿಲ್ಲ. ಒಂದು ಎಲ್‌ಟಿಎಸ್‌ನಿಂದ ಇನ್ನೊಂದಕ್ಕೆ ಹೋಗುವ ಬಾಗಿಲನ್ನು ಉಬುಂಟು ಏಪ್ರಿಲ್‌ನಲ್ಲಿ ತೆರೆಯುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಕಂಡ ದೋಷಗಳನ್ನೆಲ್ಲ ತಿದ್ದಿದ ‘.1’ ಆವೃತ್ತಿ ಆಗಸ್ಟ್ ಹೊತ್ತಿಗೆ ಬಂದ ಮೇಲೆಯೇ ತೆರೆಯುವುದು. 24.04.1ಕ್ಕೆ ಗೊತ್ತುಮಾಡಿದ್ದು 2024ರ ಆಗಸ್ಟ್ 15. ಹಳೆಯದರಿಂದ ಹೊಸದಕ್ಕೆ ದಾಟುವಾಗ ಕೆಡುವ ಸಂಗತಿಗಳು ಕಂಡುಬಂದದ್ದರಿಂದ ಆಗಸ್ಟ್ 29ಕ್ಕೆ ಹಾಕಿದರು. ಡೆಬಿಯನ್ನಿನಿಂದ ಬೇರೆಯಾಗಿ ಇಪ್ಪತ್ತು ವರ್ಷ ಗಡಿಯಾರ ನೋಡಿಕೊಂಡು ನಡೆದ ಉಬುಂಟು, ಜನರ ದಿನನಿತ್ಯದ ಯಂತ್ರವನ್ನು ಮುಟ್ಟುವ ಈ ಒಂದು ಹೆಜ್ಜೆಯಲ್ಲಿ ‘ಸಿದ್ಧವಾದಾಗ’ ಎಂಬ ಹಳೆಯ ನಿಯಮಕ್ಕೇ ಬರುತ್ತದೆ. ಕೆಲಸದ ಕಂಪ್ಯೂಟರಿನಲ್ಲಿ ಎಲ್‌ಟಿಎಸ್ ಇಟ್ಟುಕೊಂಡವರು ಏಪ್ರಿಲ್‌ನ ಸುದ್ದಿ ಓದಿ ಒತ್ತಾಯದಿಂದ ಅಪ್‌ಗ್ರೇಡ್ ಮಾಡುವ ಬದಲು, ಯಂತ್ರ ತಾನಾಗಿಯೇ ಕೇಳುವವರೆಗೆ ಕಾಯುವುದು ಒಳ್ಳೆಯದು. ಆ ನಾಲ್ಕೈದು ತಿಂಗಳು ಅವರಿಗಾಗಿಯೇ ಯಾರೋ ಕುಳಿತು ದೋಷ ತಿದ್ದುತ್ತಿರುತ್ತಾರೆ.